ಒತ್ತು

ಮೇಲೊಂದು ಅಂಕಿ, ಕೆಳಗೊಂದು ಅಂಕಿ,
ಅಕ್ಷರದ ಕಾಲಡಿ ಒತ್ತು ಕೊಟ್ಟ ಹಾಗೆ
ನರ್ಸ್ ನ್ಕಿರುಕಾ ಬರೆದಳು:
ನೂರಾ ಐವತ್ತೆಂಟರ ಕೆಳಗೆ ತೊಂಬತ್ತಾರು.
ಗ್ಲೆನಿಸ್ ಕ್ರಾಬ್‌ಟ್ರೀ ಓದಿದಳು. ಉಚ್ಚಾರ ಹೊರಡಲಿಲ್ಲ.

ಇಪ್ಪತ್ತೆರಡು ವರ್ಷ ಟ್ರಾಮ್ ಓಡಿಸಿದವಳು.
ಬ್ರೇಕಿನ ಹಿಡಿತ ಕೂದಲೆಳೆಯಷ್ಟು ಸಡಿಲಾದರೂ
ಅವಳ ಅಂಗೈಗೆ ಗೊತ್ತಾಗುತ್ತಿತ್ತು.
ತನ್ನೊಳಗೆ ಏರಿದ್ದು ಮಾತ್ರ
ಒಂದು ದಿನವೂ ಸದ್ದು ಮಾಡಿರಲಿಲ್ಲ.

"ಸಿಗರೇಟು?"
"ಬಿಟ್ಟು ನಾಲ್ಕು ವರ್ಷ."
ಅದು ನಿಜ. ದಿನಕ್ಕೊಂದು ಪ್ಯಾಕು ಸುಟ್ಟವಳು
ಒಂದು ಸೋಮವಾರ ಬೂದಿಬಟ್ಟಲು ತೊಳೆದು
ಅದರಲ್ಲಿ ಸೂಜಿ, ಗುಂಡಿ ತುಂಬಿಟ್ಟಿದ್ದಳು.
"ಬೇರೆ ಏನಾದರೂ?"
ಕೋಟಿನ ಜೇಬಲ್ಲಿ ಬೆರಳುದ್ದದ ವೇಪು
ಬೆಚ್ಚಗೆ ಮಲಗಿತ್ತು.
"ಏನಿಲ್ಲ."

ಎಡತೋಳಿಗೆ ಪಟ್ಟಿ, ಸೊಂಟಕ್ಕೊಂದು ಪೆಟ್ಟಿಗೆ.
ಅರ್ಧಗಂಟೆಗೊಮ್ಮೆ ಅಳೆಯುತ್ತದೆ,
ಹಗಲು, ರಾತ್ರಿ, ನಾಳೆ ಈ ಹೊತ್ತಿನವರೆಗೆ.
ಸ್ನಾನವಿಲ್ಲ. ಗಾಡಿ ಓಡಿಸುವಂತಿಲ್ಲ.
ಬಿಗಿದಾಗ ಕೈ ಅಲ್ಲಾಡಿಸಬೇಡಿ.
ಇದೊಂದು ಹಾಳೆ: ಆ ಗಳಿಗೆ ಏನು ಮಾಡುತ್ತಿದ್ದಿರಿ, ಬರೆಯಿರಿ.

ಹಾಗಾಗಿ ಆ ಫೆಬ್ರುವರಿ ಮಧ್ಯಾಹ್ನ
ಬ್ಲ್ಯಾಕ್‌ಪೂಲಿನ ಕಡಲ ದಂಡೆಯುದ್ದಕ್ಕೂ
ತನ್ನದೇ ಟ್ರಾಮಿನಲ್ಲಿ ಪ್ರಯಾಣಿಕಳಾಗಿ ಕೂತಳು.
ದೀಪ ಕಳಚಿದ ಬರಿ ಕಂಬಗಳು,
ಬೀಗ ಬಿದ್ದ ಐಸ್‌ಕ್ರೀಮ್ ಗೂಡು.
ಚಾಲಕ ಹುಡುಗ ತಿರುವಿನಲ್ಲಿ ತಡಮಾಡಿದಾಗಲೆಲ್ಲ
ಅವಳ ಕೈ ಇಲ್ಲದ ಹಿಡಿಕೆಯನ್ನು ಹಿಂದಕ್ಕೆಳೆಯಿತು.

ಎರಡೂವರೆ. ಪಟ್ಟಿ ಉಬ್ಬಿತು. ಬರೆದಳು: ಟ್ರಾಮ್.
ಮೂರು. ಚಹಾ, ಎರಡು ಬಿಸ್ಕತ್ತು.
ಮೂರೂ ಇಪ್ಪತ್ತಕ್ಕೆ ಫ್ಲೀಟ್‌ವುಡ್‌ನ ಕೊನೇ ನಿಲ್ದಾಣದ ಹಿಂದೆ
ಗಾಳಿಗೆ ಬೆನ್ನು ಕೊಟ್ಟು
ಒಂದು ದಮ್ಮು. ಇನ್ನೊಂದು. ಮತ್ತೊಂದು.
ಯಾವ ಮರದಲ್ಲೂ ಬಿಡದ ಮಾವಿನ ವಾಸನೆ,
ಗಂಟಲಲ್ಲಿ ಸಣ್ಣ ಪೆಟ್ಟು,
ಆಮೇಲೆ ಆ ಹಳೆಯ ನಿರಾಳ,
ಸಾಲ ಕೊಟ್ಟವನೇ ಬಂದು ಬೆನ್ನು ಸವರಿದಂಥದ್ದು.

ಮೂರೂವರೆಗೆ ಪೆಟ್ಟಿಗೆ
ಕಳ್ಳಿಯ ತೋಳು ಹಿಡಿದ ಹಾಗೆ ಹಿಡಿಯಿತು.
ಹಿಡಿದು, ಸಾಲದೆಂದು ಇನ್ನಷ್ಟು ಬಿಗಿದು,
ಯೋಚಿಸಿ, ನಿಧಾನ ಉಸಿರು ಬಿಟ್ಟಿತು.
ನೂರಾ ಅರವತ್ತೊಂಬತ್ತು. ಅದಕ್ಕೆ ನೂರಾ ಒಂದರ ಒತ್ತು.
ಪೆನ್ನು ತುಸು ಹೊತ್ತು ನಿಂತಿತು.
ಬರೆದಳು: ಸಮುದ್ರ ನೋಡುತ್ತಿದ್ದೆ.

ಅದೂ ಸುಳ್ಳೇನಲ್ಲ.

ಯಂತ್ರಕ್ಕೆ ನಾಚಿಕೆಯಿಲ್ಲ, ಸಿಟ್ಟೂ ಇಲ್ಲ.
ನಡುರಾತ್ರಿ ಎರಡಕ್ಕೆ, ಮತ್ತೆ ಎರಡೂವರೆಗೆ
ಕತ್ತಲಲ್ಲಿ ತೋಳು ಹಿಡಿದು ಕೇಳಿ ಹೋಯಿತು.
ನಿದ್ದೆಯಲ್ಲಿ ಅಂಕಿಗಳು ಇಳಿದಿದ್ದವು
ನೀರು ಹಿಂದೆ ಸರಿದ ದಂಡೆಯ ಹಾಗೆ,
ಅಷ್ಟಿಷ್ಟು ಕಸ ಕಾಣಿಸುತ್ತ.
ಬೆಳಗಿನ ಮೊದಲ ದಮ್ಮಿಗೆ ಮತ್ತೆ ಉಬ್ಬರ.

ಅಡುಗೆಮನೆಯ ಮೇಜಲ್ಲಿ ಹಾಳೆ ಹರಡಿ ಕೂತಳು.
ಟ್ರಾಮ್. ಚಹಾ. ಸಮುದ್ರ. ಮೆಟ್ಟಿಲು. ಅಕ್ಕನ ಫೋನು.
ಬೇರೆ ಯಾರದೋ ದಿನಚರಿ ಓದಿದಂತಿತ್ತು:
ಎಂಥ ಸಾಧ್ವಿ! ಇವಳಿಗೇಕೆ ಬಂತು ಬಿ.ಪಿ.?
ಪೆನ್ಸಿಲ್ ಹುಡುಕಿದಳು. ನೆನಪಾದ ಗಳಿಗೆಗಳ ಪಕ್ಕ
ಪದ ಬರೆಯದೆ
ಒಂದೊಂದು ಪುಟ್ಟ ಮೋಡ ಬಿಡಿಸಿದಳು.

ನ್ಕಿರುಕಾ ಬೆರಳಿಟ್ಟು ಎಣಿಸಿದಳು. ಹದಿನಾಲ್ಕು.
"ಇವೇನು, ಮಳೆಯಾ?"
"ಮಾವು."

ನಗಲಿಲ್ಲ ನರ್ಸು, ಗದರಲೂ ಇಲ್ಲ.
"ನಿಕೋಟಿನ್ ರಕ್ತನಾಳವನ್ನು ಹಿಂಡುತ್ತದೆ, ಎದೆಯನ್ನು ಓಡಿಸುತ್ತದೆ,
ಅಷ್ಟು ಗೊತ್ತು. ವರ್ಷಗಟ್ಟಲೆ ಎಳೆದರೇನು,
ಪೂರ್ತಿ ಬಲ್ಲವರು ಇನ್ನೂ ಯಾರಿಲ್ಲ.
ಇದರಿಂದಲೇ ಏರಿತೆಂದು ಆಣೆ ಇಡಲಾರೆ,
ಉಪ್ಪಿದೆ, ವಯಸ್ಸಿದೆ, ನಿಮ್ಮಮ್ಮನ ರಕ್ತವಿದೆ.
ಇದನ್ನು ಇಳಿಸೋಣ, ಮೆಲ್ಲಗೆ.
ಸಿಗರೇಟಿಗೆ ಮಾತ್ರ ವಾಪಸು ಹೋಗಬೇಡಿ."

ಪಟ್ಟಿ ಬಿಚ್ಚಿದ ತೋಳಲ್ಲಿ ಕೆಂಪು ಬಳೆಯ ಗುರುತು.
ನಿಲ್ದಾಣದಲ್ಲಿ, ಗಾಳಿಯಲ್ಲಿ,
ಬಲಗೈ ತಾನಾಗಿ ಜೇಬಿಗಿಳಿಯಿತು.
ಗಡಿಯಾರ ಎರಡೂವರೆ.
ಎಡತೋಳು, ಯಾರೂ ಹಿಡಿಯದೆಯೇ,
ಅಲ್ಲಾಡದೆ ನಿಂತಿತು.