ಸೆಕೆಂಡ್ಸ್ ಮಾಲು

ಮಂಡಿ ಮೊಹಲ್ಲಾದ ಈ ಪ್ರೆಸ್ಸಿನಲ್ಲಿ
ಹದಿನೇಳು ವರ್ಷ ಊದುಬತ್ತಿ ಡಬ್ಬಿಗೆ
ಚಿನ್ನದ ಗೆರೆ ಎಳೆದವಳು ನಾನು.
ಈಗಲೂ ಅದೇ ಜಾಲರಿ, ಅದೇ ರಬ್ಬರು ಪಟ್ಟಿ.
ಶಾಯಿ ಮಾತ್ರ ಬೇರೆ:
ಗಾಜಿನ ಹೆಂಚಿಗೆ ಬಿಸಿಲು ಹಿಡಿಯುವ ಕಪ್ಪು,
ಅದರ ಮೇಲೆ ಬೆಳ್ಳಿ, ಕೂದಲೆಳೆಯಷ್ಟು.

ಕುಲುಮೆ ಬೇಡ, ದೋಸೆ ಕಾವಲಿಯ ಕಾವು ಸಾಕು
ಅಂದಿದ್ದ ಇನಾಯತ್.
ಮೊದಲ ಹೆಂಚಿಗೆ ಸಾವಿರದ ಎಂಟುನೂರು ಬಿತ್ತು.
ಒರೆಸಿದೆವು, ಮತ್ತೆ ಎಳೆದೆವು, ಬೆಳ್ಳಿ ತೆಳುವಾಗಿಸಿದೆವು,
ಒಬ್ಬರನ್ನೊಬ್ಬರು ಬೈದುಕೊಂಡೆವು.
ನಿನ್ನೆ ಇನ್ನೂರ ಹತ್ತಕ್ಕೆ ಇಳಿದಿದೆ.
ಬರೀ ಹೆಂಚು ಹೊದಿಸಿದರೂ ನೂರಾದರೂ ಆಗುತ್ತಲ್ಲ!

ಗೆರೆ ಸೊಟ್ಟಗಾದರೆ ಸೆಕೆಂಡ್ಸು;
ಸಂಬಳದಲ್ಲಿ ಮುರಿದುಕೊಂಡು ನಮಗೇ ಕೊಡುತ್ತಾರೆ.
ಕೇಸರೆಯ ನನ್ನ ಮನೆಗೆ
ಸಿಮೆಂಟ್ ಶೀಟು ಇಳಿಸಿ
ಮೂವತ್ತಾರು ಹೆಂಚು ಕೂರಿಸಿದ ಸಣ್ಣಮಾದು.
ಸೂರೂ ಅದೇ, ಕರೆಂಟೂ ಅದೇ.

ಮಧ್ಯಾಹ್ನ ಫ್ಯಾನು ತಿರುಗುತ್ತಿದೆ.
ಚಾಪೆಯ ಮೇಲೆ ಅಂಗಾತ ಮಲಗಿ ನೋಡುತ್ತೇನೆ:
ಮೂರನೇ ಸಾಲಿನಲ್ಲಿ ಕಪ್ಪು ಸರಿದು ಉಳಿದ ಸಂದು
ನನ್ನದೇ ಕೈಯದ್ದು.
ಸೊಸೆಗೆ ನೋವು ಶುರುವಾಯಿತೆಂದು ಫೋನು ಬಂದ ದಿನದ್ದು.

ಅಲ್ಲಿಂದ ಒಂದಿಷ್ಟು ಬಿಸಿಲು
ಯಾವ ಲೆಕ್ಕಕ್ಕೂ ಸಿಗದೆ ಒಳಗೆ ಬೀಳುತ್ತದೆ.
ಮಗು ತೆವಳಿ ಹೋಗಿ
ಅದರ ಮೇಲೆ ಅಂಗೈ ಇಡುತ್ತದೆ.