ಅಡ್ಡಗೆರೆ

ಗ್ದೀನಿಯಾ ಬಂದರಿನಲ್ಲಿ ನಾಲ್ಕನೆಯ ಕ್ರೇನು ನನ್ನದು.
ನೂರ ಎಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಗಾಜಿನ ಗೂಡು,
ಕಾಲ ಕೆಳಗೂ ಗಾಜು.
ಹಡಗು ತಡವಾದ ರಾತ್ರಿ ಅಲ್ಲಿ ಮೂರೇ ಇರುತ್ತವೆ:
ಥರ್ಮಾಸಿನ ಚಹಾ, ಬಾಲ್ಟಿಕ್ಕಿನ ಗಾಳಿ,
ಸಂತೆಯಲ್ಲಿ ನಾಲ್ಕು ಝ್ಲೋಟಿ ಕೊಟ್ಟು ತಂದ
ಬೆನ್ನು ಕಿತ್ತ ಭೌತಶಾಸ್ತ್ರದ ಪುಸ್ತಕ.

ನೂರ ಹದಿನಾರನೆಯ ಪುಟ. ಲೋಲಕ.
ಒಂದು ದಾರ, ಒಂದು ಗುಂಡು, ಒಂದು ಚುಕ್ಕೆಗೆರೆ.
ಆಮೇಲೆ ಎರಡೇ ಸಾಲು ಬರೆದು
"ಇದರಿಂದ ಸುಲಭವಾಗಿ ತಿಳಿಯುವುದೇನೆಂದರೆ" ಎಂದು
ಹಾರಿ ಆಚೆ ದಡದಲ್ಲಿ ನಿಂತಿದ್ದಾನೆ ಪುಣ್ಯಾತ್ಮ,
ಸೇತುವೆಯನ್ನೂ ಸುತ್ತಿಕೊಂಡು ಹೋಗಿದ್ದಾನೆ.
ಅಂಚಿನಲ್ಲಿ ಯಾರದೋ ಪೆನ್ಸಿಲಿನ ಪ್ರಶ್ನೆಚಿಹ್ನೆ,
ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.
ನನಗಿಂತ ಮೊದಲು ಒಬ್ಬರು ಇದೇ ಜಾಗದಲ್ಲಿ
ಬೆವರಿದ್ದಾರೆ. ಧೈರ್ಯಕ್ಕೆ ಅಷ್ಟು ಸಾಕಾಯಿತು.

ಸರಕುಪಟ್ಟಿಯ ಹಿಂಬದಿಯಲ್ಲಿ ಶುರು ಮಾಡಿದೆ.
ಭಾರ ಕೆಳಕ್ಕೆ. ಎಳೆತ ಹಗ್ಗದುದ್ದಕ್ಕೆ.
ಭಾರವನ್ನು ಎರಡಾಗಿ ಸೀಳು:
ಒಂದು ಪಾಲು ಹಗ್ಗದ ಜೊತೆ ಜಗ್ಗಾಡಿಕೊಂಡಿರಲಿ,
ಇನ್ನೊಂದು ಗುಂಡನ್ನು ತಳ್ಳಲಿ.
ಎಡಕ್ಕೊಂದು ಎಂ ಬಂತು, ಬಲಕ್ಕೊಂದು ಎಂ.
ಎರಡನ್ನೂ ಹೊಡೆದುಹಾಕು ಎನ್ನುತ್ತದೆ ನಿಯಮ.

ಹೊಡೆಯುವ ಮೊದಲು ಕೈ ತಡೆಯಿತು.
ಎಂ ಅಂದರೆ ಬರೀ ಅಕ್ಷರವೇ?
ಎಂ ಅಂದರೆ ಇಪ್ಪತ್ತೆರಡು ಟನ್ನು ಹೆಂಚು,
ಮೊನ್ನೆ ಇಳಿಸಿದ ಟ್ರ್ಯಾಕ್ಟರು,
ಬಾಗಿಲು ತೆಗೆದಾಗ ಅರ್ಧ ಕೊಳೆತಿದ್ದ ಕಿತ್ತಳೆ.
ಒಂದು ಗೀಟಿಗೆ ಇಷ್ಟೆಲ್ಲ ಇಲ್ಲವಾಗುವುದುಂಟೆ?
ಉಂಟು, ಎಂದಿತು ಕೈಯೇ.
ಹತ್ತೊಂಬತ್ತು ವರ್ಷದಿಂದ ಅದಕ್ಕೆ ಗೊತ್ತು:
ತುಂಬಿದ ಪೆಟ್ಟಿಗೆಯಾಗಲಿ ಖಾಲಿಯಾಗಲಿ
ಹಗ್ಗ ಪೂರ್ತಿ ಬಿಟ್ಟಾಗ ಹೋಗಿ ಬರಲು ಹನ್ನೆರಡು ಎಣಿಕೆ.
ಮುದುಕ ಬೆನೆದಿಕ್ತ್ ಫೊರ್ಮೆಲಾ ಕಲಿಸಿದ್ದು.
"ತೂಕ ನೋಡಿ ಹೆದರಬೇಡ ಬೊಗುಮಿವಾ, ಹಗ್ಗ ನೋಡು."
ಓದಿದ್ದು ಏಳನೆಯ ಕ್ಲಾಸು. ಕಾಗದವೇ ಇಲ್ಲದೆ
ಎಂ ಹೊಡೆದುಹಾಕಿ ಸತ್ತಿದ್ದಾನೆ.

ಉಳಿದದ್ದು ಸುಲಿದ ಬಾಳೆಹಣ್ಣು ಅಂದುಕೊಂಡೆ.
ಸಣ್ಣ ಕೋನಕ್ಕೆ ಸೈನ್ ಥೀಟಾ ಬೇಡ, ಥೀಟಾ ಸಾಕಂತೆ.
(ಇನ್ನೂ ಪೂರ್ತಿ ಒಪ್ಪಿಲ್ಲ. ಆ ಜಗಳ ಬೇರೆ ರಾತ್ರಿಗೆ.)
ಬಂದ ಉತ್ತರ ನೋಡಿ ಮೈ ಜುಮ್ಮೆಂದಿತು.
ನನ್ನ ಕಂಟೇನರು ತೂಗುವುದೇ ಇಲ್ಲ.
ನಡುವಿನಿಂದ ದೂರವಾದಷ್ಟೂ ಇನ್ನಷ್ಟು ದೂಡಿಸಿಕೊಂಡು
ಚಕ್ರಬಡ್ಡಿಯಂತೆ ಬೆಳೆದು
ಅಲೆತಡೆ ದಾಟಿ, ಹೆಲ್ ಭೂಶಿರ ದಾಟಿ
ಸ್ವೀಡನ್ನಿನ ಕಡೆಗೆ ಹೋಗುತ್ತಲೇ ಇದೆ
ಸರಕುಪಟ್ಟಿಯ ಮೇಲೆ.

ಎರಡು ರಾತ್ರಿ ಹುಡುಕಿದೆ.
ಒಂದೊಂದು ಸಾಲೂ ಸರಿ ಅನ್ನುತ್ತದೆ, ಮೊತ್ತ ಮಾತ್ರ ಸುಳ್ಳು.
ಮೂರನೆಯ ರಾತ್ರಿ ಎರಡೂವರೆಗೆ ಹಡಗು ಬಂತು.
ಗಾಳಿಗೆ ಪೆಟ್ಟಿಗೆ ಸಮುದ್ರದ ಕಡೆ ತೂಗಿತು.
ನನ್ನ ಮಣಿಕಟ್ಟು ಟ್ರಾಲಿಯನ್ನು ಅದರ ಹಿಂದೆಯೇ ಓಡಿಸಿ
ತುದಿಯಲ್ಲಿ ಹಿಡಿಯಿತು,
ಅಲ್ಲಿಂದ ಅದು ವಾಪಸು ಹೊರಡುತ್ತದೆಂದು ಗೊತ್ತಿದ್ದರಿಂದ.
ವಾಪಸು!
ಸಮುದ್ರದ ಕಡೆ ಹೋದರೆ ದಡದ ಕಡೆ ಎಳೆತ,
ದಡದ ಕಡೆ ಬಂದರೆ ಸಮುದ್ರದ ಕಡೆ.
ಅದೊಂದನ್ನೇ ಬರೆದಿರಲಿಲ್ಲ ನಾನು.
ಥೀಟಾದ ಮುಂದೆ ಅಕ್ಕಿಕಾಳಿನಷ್ಟು ಅಡ್ಡಗೆರೆ.
ಸಾಲ, ನಷ್ಟ, ಜನವರಿಯ ಹವಾಮಾನ,
ಇಷ್ಟಕ್ಕೇ ಆ ಗುರುತು ಅಂದುಕೊಂಡಿದ್ದೆ.
ಮನೆಗೆ ಬಾ ಎನ್ನುವುದನ್ನೂ ಹೀಗೇ ಬರೆಯುತ್ತಾರಂತೆ.

ಮೂವತ್ತಾರು ಮೀಟರ್ ಹಗ್ಗ, ಒಂಬತ್ತು ಪಾಯಿಂಟ್ ಎಂಟು,
ವರ್ಗಮೂಲ, ಎರಡು ಪೈ.
ಭಾಗಿಸಿದೆ, ಉಜ್ಜಿದೆ, ಮತ್ತೆ ಭಾಗಿಸಿದೆ.
ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕು.

ಹನ್ನೆರಡು ಬೆನೆದಿಕ್ತ್‌ನದು.
ಆ ಸೊನ್ನೆ ನಾಲ್ಕು ನನ್ನದು.

ಪೆನ್ಸಿಲಿನವರಿಗೆ ತಿಳಿಸಬೇಕೆನಿಸಿತು. ವಿಳಾಸವಿಲ್ಲ.
ಕೆಳಗಿನಿಂದ ರೇಡಿಯೋದಲ್ಲಿ ಲಷೆಕ್ ಕೂಗಿದ,
"ನಾಲ್ಕನೆಯದು, ಯಾಕೆ ನಿಂತೆ? ಲಾರಿ ಕಾಯ್ತಿದೆ."
"ಬಂತು" ಅಂದೆ, "ಬಂತು, ಬಂತು."