ಪೂರ್ತಿ ಒಂದು ನಿಮಿಷ

ಐವತ್ಮೂರನೆಯ ವಯಸ್ಸಿಗೆ ಬಿಳಿ ಬೂಟು ಕೊಂಡೆ.
ಅಂಗಡಿ ಹುಡುಗ ಕೇಳಿದ: ಮಗಳಿಗಾ?
ಹೂಂ, ಮಗಳಿಗೇ, ಅಂದೆ.
ಸುಳ್ಳು ಹೇಳುವಾಗ ಕಾಲ್ಬೆರಳು
ಒಳಗೊಳಗೇ ಮಡಚಿಕೊಂಡವು.

ಇಪ್ಪತ್ತೆರಡು ವರ್ಷ ರಬ್ಬರ್ ಬೂಟಿನಲ್ಲಿ ನಿಂತ ಕಾಲು ಇವು.
ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ದಂಡೆ,
ಮೀನು ಕಾರ್ಖಾನೆಯ ಒದ್ದೆ ನೆಲ,
ಎದುರಿಗೆ ಹರಿಯುವ ಬೆಲ್ಟು, ಬೆಲ್ಟಿನ ಮೇಲೆ ಕಾಡ್ ಮೀನು.
ಕಿವಿರಿನ ಹಿಂದೆ ಚಾಕು ಇಟ್ಟರೆ
ಬಾಲದ ತನಕ ಒಂದೇ ಎಳೆತ.
ಬೆನ್ನ ಹಿಂದೆ ಮೇಸ್ತ್ರಿ ಲೀಯಾಂಡರ್ ಹಿಸ್ಕಾಕ್,
ಕೊರಳಲ್ಲಿ ಸ್ಟಾಪ್‌ವಾಚು.
'ಡ್ರುಸಿಲ್ಲಾ, ನಿಮಿಷಕ್ಕೆ ಮೂರೂವರೆ,' ಅನ್ನುತ್ತಿದ್ದ.
ಅರ್ಧ ಮೀನು ಅಂದರೇನೆಂದು
ನಮ್ಮಲ್ಲಿ ಯಾರೂ ಕೇಳಲಿಲ್ಲ.

ಆಮೇಲೆ ಕಡಲಲ್ಲಿ ಮೀನೇ ಮುಗಿಯಿತು.

ಒಂಬತ್ತು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹಾಸಿಗೆ ಬಟ್ಟೆ ಒಗೆದೆ.
ಮೇಲಿನ ಮಹಡಿಗಳ ನೋವೆಲ್ಲ ನನಗೆ
ಉಜ್ಜಿದರೂ ಹೋಗದ ಕಲೆಯಾಗಿ ಮಾತ್ರ ಪರಿಚಯ.
ಆ ಕಲೆ ಯಾರದು ಎಂದು
ಒಂದು ದಿನ ನೋಡಬೇಕೆನಿಸಿತು. ಅಷ್ಟೇ.
ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ
ತರಗತಿ ಗಪ್‌ಚಿಪ್, ಪಾಠ ಮಾಡುವವಳು ಬಂದಳೆಂದು.
ಹಿಂದಿನ ಬೆಂಚಿಗೆ ಹೋಗಿ ಕೂತೆ,
ಗದ್ದಲ ಮತ್ತೆ ಶುರು.
ಮೂತ್ರಪಿಂಡದ ಒಳದಾರಿಗಳನ್ನು ಬಾಯಿಪಾಠ ಮಾಡುತ್ತ
ಬ್ರೆಡ್ಡಿನ ಹಿಟ್ಟು ನಾದಿದೆ.
ಗಂಡ ಗಾರ್ಲಂಡ್ ಚೀಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದ;
ಔಷಧಿಗಳ ಹೆಸರು ನಾಲಿಗೆಗೆ ಹೊರಳದೆ
ಎಲ್ಲಕ್ಕೂ ಒಂದೊಂದು ದೋಣಿಯ ಹೆಸರಿಟ್ಟ.
ಪರೀಕ್ಷೆಯಲ್ಲಿ ಒಂದಕ್ಕೆ ದೋಣಿಯ ಹೆಸರೇ ಬರೆದೆ.

ಪದವಿಯ ದಿನ ಉಳಿದವರಿಗಿಂತ
ನನಗೇ ಚಪ್ಪಾಳೆ ಜಾಸ್ತಿ.
ಆ ಹೆಚ್ಚುವರಿ ಚಪ್ಪಾಳೆ ಹಿಡಿಸಲಿಲ್ಲ;
ಈಜು ಬಾರದ ಕೂಸು ಹೇಗೋ ದಡ ಸೇರಿದರೆ
ಹೊಡೆಯುತ್ತಾರಲ್ಲ, ಅಂಥದು.

ಈಗ ವಾರ್ಡಿನಲ್ಲಿ ಹನ್ನೊಂದನೆಯ ರಾತ್ರಿ.
ನನ್ನ ಮೇಲಿನವಳು ಬ್ರಿಯಾನಾ, ಇಪ್ಪತ್ತಾರು,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
ರೋಗಿಗಳ ಮನೆಯವರು ಅವಳನ್ನು ದಾಟಿ
ನನ್ನ ಹತ್ತಿರವೇ ಬರುತ್ತಾರೆ:
'ನೀವು ಹೇಳಿ, ನೀವು ಅನುಭವಸ್ಥರು.'
ನನ್ನ ನರೆಗೂದಲಿಗೆ ಅವರು ಕೊಡುವ ಸಾಲ ಅದು,
ತೀರಿಸೋಣವೆಂದರೆ ಕೈಯಲ್ಲಿ ಬಿಡಿಗಾಸಿಲ್ಲ.
ನಿನ್ನೆ ಎರಡು ಸಲ ರಕ್ತನಾಳ ತಪ್ಪಿತು.
ಮೂರನೆಯದಕ್ಕೆ ಬ್ರಿಯಾನಾಳನ್ನು ಕರೆದೆ.

ಏಳನೆಯ ಹಾಸಿಗೆಯಲ್ಲಿ ಲೀಯಾಂಡರ್ ಹಿಸ್ಕಾಕ್.
ಎಂಬತ್ತೊಂದು. ಪುಪ್ಪುಸದಲ್ಲಿ ನೀರು.
ನನ್ನ ಮುಖ ನೆನಪಿಲ್ಲ ಅವನಿಗೆ, ಇರುವುದಾದರೂ ಹೇಗೆ,
ಅವನು ನೋಡುತ್ತಿದ್ದುದು ನಮ್ಮ ಕೈ ಮಾತ್ರ.
ಮಣಿಕಟ್ಟು ಹಿಡಿದೆ, ಗಡಿಯಾರ ನೋಡಿದೆ.
ಪಕ್ಕದಲ್ಲಿ ಯಂತ್ರವಿತ್ತು;
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಹುದಿತ್ತು.
ನಾನು ಪೂರ್ತಿ ಒಂದು ನಿಮಿಷ ಎಣಿಸಿದೆ.
ಒಂದು ಬಡಿತ, ಇನ್ನೊಂದು, ಮತ್ತೆ ಏನೂ ಇಲ್ಲ,
ಕಪ್ಪು ನೀರಿನ ತಳದಲ್ಲಿ
ಗಾಳಕ್ಕೆ ತಾಗಿ ಬಿಟ್ಟು ತಾಗುವ ಬಾಯಿಯಂತೆ.

'ಎಷ್ಟು?' ಕಣ್ಣು ಮುಚ್ಚಿಯೇ ಕೇಳಿದ.
'ತೊಂಬತ್ತಾರು.'
'ಜಾಸ್ತಿಯಾಯಿತು. ನಿಧಾನಿಸು ಅಂತ ಹೇಳು ಅದಕ್ಕೆ.'
ಈ ಮನುಷ್ಯನ ಬಾಯಲ್ಲಿ ನಿಧಾನ ಎಂಬ ಮಾತು!
ನಗು ತಡೆಯಲು ತುಟಿ ಕಚ್ಚಿದೆ.
ಅವನ ಬೆರಳು ಅಷ್ಟರಲ್ಲಿ ನನ್ನ ಹೆಬ್ಬೆರಳಿಗೆ ಬಂದು
ಹಳೆಯ ಚಾಕುವಿನ ಗೆರೆಯನ್ನು ತಡವಿತು.
'ಎಷ್ಟನೇ ಬೆಲ್ಟು?'
'ಎರಡನೆಯದು.'
ಮತ್ತೆ ಮಾತಿಲ್ಲ. ಕೈ ಮಾತ್ರ ತೆಗೆಯಲಿಲ್ಲ.

ನಾಲ್ಕು ಹತ್ತು ಎಂದು ಕಾಗದದಲ್ಲಿ ಸಮಯ ಬರೆದೆ,
ತೊಂಬತ್ತಾರು ಬರೆದೆ, ಹೆಸರು ಬರೆದೆ,
ಹೆಸರಿನ ಮುಂದೆ ಆ ಎರಡಕ್ಷರ.
ಬರೆದ ಮೇಲೂ ಪೆನ್ನು ಎತ್ತಲಾಗದೆ
ಮಸಿ ಹರಡಿ ಚುಕ್ಕೆ ದಪ್ಪಗಾಯಿತು.
ಹಾಗೇ ಬಿಟ್ಟೆ.
ಒಂಬತ್ತನೆಯ ಹಾಸಿಗೆಯವರು
ಆಗಲೇ ಗಂಟೆ ಒತ್ತುತ್ತಿದ್ದರು.